ಬಹುಮಾನ ಇಟ್ಟ ಮೇಲೆ ವರದಿಗಳೇ ನಿಂತಿರುವುದೇಕೆ?

ಅಪಘಾತವಿಲ್ಲದ ತಿಂಗಳಿಗೆ ಇಡೀ ತಂಡಕ್ಕೆ ಬಹುಮಾನ ಘೋಷಿಸಿದ ಮೇಲೆ, ಕೂದಲೆಳೆಯ ಅಂತರದಲ್ಲಿ ತಪ್ಪಿದ ಅವಘಡಗಳ ವರದಿ ಬರುವುದೇ ನಿಂತಿದೆ, ಕಾರ್ಮಿಕರಲ್ಲಿ ಆಸಕ್ತಿ ಮೂಡಿಸುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಕೊರತೆ ಆಸಕ್ತಿಯದ್ದಲ್ಲ. ಎಲ್ಲರ ಬಹುಮಾನ ತಪ್ಪಿಸಿದವರೆಂಬ ಹೆಸರು ಯಾರಿಗೂ ಬೇಡವಾದ್ದರಿಂದ ಸಣ್ಣಪುಟ್ಟ ಗಾಯಗಳನ್ನೂ ಮುಚ್ಚಿಡುತ್ತಾರೆ. ಮೊದಲು ಆ ಬಹುಮಾನವನ್ನು ನಿಲ್ಲಿಸಿ.

ಬಂದ ಪ್ರತಿಯೊಂದು ವರದಿಯ ಮೇಲೆ ಯಾವ ಕ್ರಮ ಕೈಗೊಳ್ಳಲಾಯಿತು, ಕೈಗೊಳ್ಳದಿದ್ದರೆ ಏಕೆ ಎಂಬುದನ್ನು ಒಂದು ವಾರದೊಳಗೆ ಎಲ್ಲರಿಗೂ ಕಾಣುವ ಫಲಕದಲ್ಲಿ ಬರೆಯಿರಿ. ಯಂತ್ರದ ಗಾರ್ಡ್ (ರಕ್ಷಣಾ ಕವಚ) ಸಡಿಲವಾಗಿದೆಯೆಂದು ತಿಳಿಸಿದವರು, ತಿಂಗಳು ಕಳೆದರೂ ಅದು ಹಾಗೆಯೇ ಇರುವುದನ್ನು ಕಂಡರೆ ಎರಡನೆಯ ಬಾರಿ ಬರೆಯಲಾರರು. ಅಪಾಯವನ್ನು ಅಂದಾಜಿಸುವಾಗ ಆ ಯಂತ್ರವನ್ನು ನಡೆಸುವವರೇ ಜೊತೆಗಿರಲಿ. ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯದ ಕುರಿತು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಐಎಸ್‌ಒ 45001 ಮಾನದಂಡವೂ ಕಾರ್ಮಿಕರೊಡನೆ ಸಮಾಲೋಚನೆಯನ್ನು, ಅವರ ಭಾಗವಹಿಸುವಿಕೆಯನ್ನು ಅಪೇಕ್ಷಿಸುತ್ತದೆ. (ಸಿದ್ಧಪಡಿಸಿದ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ಸಮಾಲೋಚನೆಯಲ್ಲ, ಬಿಡಿ.)

ಕೆಲಸ ನಿಲ್ಲಿಸುವ ಅಧಿಕಾರವೂ ಅಷ್ಟೇ ಮುಖ್ಯ. ಜೀವಕ್ಕೆ ತಕ್ಷಣದ ಗಂಭೀರ ಅಪಾಯವಿದೆಯೆಂದು ಸಕಾರಣವಾಗಿ ನಂಬಿ ಕೆಲಸದಿಂದ ದೂರ ಸರಿದವರಿಗೆ ಅನುಚಿತ ಪರಿಣಾಮಗಳಿಂದ ರಕ್ಷಣೆ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆ ಹೇಳುತ್ತದೆ. ಅವರ ಅನುಮಾನ ತಪ್ಪೆಂದು ಕಂಡುಬಂದರೂ ಮೇಲ್ವಿಚಾರಕರು ಗದರದಂತೆ ನೋಡಿಕೊಳ್ಳಿ. ಆರಂಭದಲ್ಲಿ ವರದಿಗಳ ಸಂಖ್ಯೆ ಏರುವ ಸಂಭವವಿದೆ; ಅದನ್ನು ಕಂಡು ಗಾಬರಿಯಾಗದಂತೆ ಆಡಳಿತ ಮಂಡಳಿಗೆ ಈಗಲೇ ತಿಳಿಸಿಡಿ.