ನಿಮ್ಮ ತಾಯಿ ಏನೂ ತಪ್ಪು ಮಾಡಿಲ್ಲ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ತಾಯಿ ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಹಾವೇರಿ ಹತ್ತಿರದ ನಿಮ್ಮ ಹಳ್ಳಿಯಲ್ಲಿ ಹಸಿದು ಬಂದವರನ್ನು ಯಾವತ್ತೂ ಬರಿಗೈಲಿ ಕಳಿಸಿದವರಲ್ಲ. ಈಗ ಅವರಿಗೆ ಕ್ಯಾನ್ಸರ್, ಎರಡನೇ ಕೀಮೋ ಮುಗಿದಿದೆ. "ದೇವರು ಪ್ರೀತಿಸ್ವರೂಪಿ ಅಂತ ಕ್ರೈಸ್ತರು ಹೇಳುತ್ತೀರಲ್ಲ, ಹಾಗಾದರೆ ಒಳ್ಳೆಯವರಿಗೆ ಯಾಕೆ ಈ ನೋವು? ಉಪದೇಶ ಬೇಡ, ನೀವು ನಿಜವಾಗಿ ಏನು ನಂಬುತ್ತೀರಿ ಅದನ್ನು ಹೇಳಿ" ಅಂತ ಕೇಳಿದ್ದೀರಿ.

ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ನಿವೃತ್ತ ನರ್ಸ್. ಹುಟ್ಟಿದ್ದು ಬೆಟಗೇರಿಯ ಮಿಶನ್ ಆಸ್ಪತ್ರೆಯಲ್ಲಿ. ಗದಗಿನ ಹಳಬರು ಅದನ್ನು ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಮೂವತ್ತಕ್ಕೂ ಜಾಸ್ತಿ ವರ್ಷ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದೆ. ಹಗಲು ಪಾಳಿಯಲ್ಲಿ ರೋಗಿಗಳು ರಿಪೋರ್ಟ್ ಬಂತಾ, ಬಿಲ್ ಎಷ್ಟಾಯಿತು, ಮನೆಗೆ ಯಾವಾಗ ಬಿಡುತ್ತೀರಿ ಅಂತ ಕೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಸಲೈನ್ ಬಾಟಲಿ ಬದಲಿಸಲು ಹೋದಾಗ ಕೇಳುವ ಪ್ರಶ್ನೆಯೇ ಬೇರೆ. "ಸಿಸ್ಟರ್, ನಾ ಏನ್ ತಪ್ಪ ಮಾಡೀನ್ರೀ?" ಲಿಂಗಾಯತರು ಕೇಳಿದ್ದಾರೆ, ಮುಸ್ಲಿಮರು ಕೇಳಿದ್ದಾರೆ, ನಮ್ಮ ಚರ್ಚಿನ ಸಭೆಯ ಹಿರಿಯರೂ ಕೇಳಿದ್ದಾರೆ.

ಮೊದಮೊದಲು ಇದಕ್ಕೆ ಏನಾದರೂ ಲೆಕ್ಕ ಇದ್ದೀತೇ ಅಂತ ನಾನೂ ಹುಡುಕಿದೆ. ಹೆಂಡತಿಯನ್ನು ಹೊಡೆದು ಹೊಡೆದು ಸಾಕು ಮಾಡಿದ್ದ ಒಬ್ಬ ಮನುಷ್ಯ ಗುಣವಾಗಿ ಆಟೋ ಹತ್ತಿ ಮನೆಗೆ ಹೋದ. ಅದೇ ವಾರ, ಊರಿನ ಮಕ್ಕಳನ್ನೆಲ್ಲ ತನ್ನ ಮಕ್ಕಳಂತೆ ನೋಡಿಕೊಂಡಿದ್ದ ಅಂಗನವಾಡಿ ಟೀಚರ್ ಉಳಿಯಲಿಲ್ಲ. ಯಾವ ಲೆಕ್ಕವೂ ಸಿಗಲಿಲ್ಲ. ಬೈಬಲ್ ಕೂಡ ಅಂಥ ಲೆಕ್ಕ ಕೊಡುವುದಿಲ್ಲ. ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ದೇವರು ಸೂರ್ಯ ಮೂಡುವಂತೆ ಮಾಡುತ್ತಾನೆ, ನೀತಿವಂತರಿಗೂ ಅನೀತಿವಂತರಿಗೂ ಮಳೆ ಸುರಿಸುತ್ತಾನೆ ಅಂತ ಯೇಸುವೇ ಹೇಳಿದ್ದಾನೆ.

ಇನ್ನು ನನ್ನ ಮನೆಯ ಮಾತು. ನನ್ನ ದೊಡ್ಡ ಮಗ 1995ರಲ್ಲಿ ಹೃದಯದಲ್ಲಿ ರಂಧ್ರ ಇಟ್ಟುಕೊಂಡೇ ಹುಟ್ಟಿದ. ಒಂಬತ್ತು ವರ್ಷ ನಮ್ಮ ಜೊತೆ ಇದ್ದ. ಎರಡನೇ ಆಪರೇಶನ್ ಆದ ಮೇಲೆ ಕಣ್ಣು ತೆರೆಯಲಿಲ್ಲ. ಅವನು ಹುಟ್ಟಿದಾಗ "ಬಸುರಿದ್ದಾಗ ಗ್ರಹಣ ನೋಡಿದ್ದೇನು?" ಅಂತ ಓಣಿಯವರು ಕೇಳಿದರು. ಸಭೆಯವರೊಬ್ಬರು "ನಿಮ್ಮ ಮನೆತನದಲ್ಲಿ ಅರಿಕೆ ಮಾಡದೇ ಇರೋ ಪಾಪ ಏನಾದ್ರೂ ಐತೇನು ನೋಡ್ರಿ" ಅಂದರು. ನಾನು ನರ್ಸ್. ಸುಮಾರು ನೂರು ಮಕ್ಕಳಲ್ಲಿ ಒಂದು ಮಗು ಹೃದಯದ ದೋಷದಿಂದ ಹುಟ್ಟುತ್ತದೆ ಅಂತ ಓದಿದವಳು. ಕೂಸಿನ ಹೃದಯ ರೂಪುಗೊಳ್ಳುವುದು ಬಸಿರಿನ ಮೊದಲ ಎಂಟು ವಾರದಲ್ಲಿ, ಎಷ್ಟೋ ತಾಯಂದಿರಿಗೆ ತಾವು ಬಸುರಿ ಅಂತಲೇ ಗೊತ್ತಿರದ ಹೊತ್ತಿನಲ್ಲಿ. ಇದೆಲ್ಲ ಗೊತ್ತಿದ್ದೂ ಆ ಮಾತುಗಳು ನನ್ನೊಳಗೆ ಮುಳ್ಳಿನಂತೆ ಉಳಿದವು.

ಅವನಿಗೆ ಎಂಟು ವರ್ಷ ಆಗಿದ್ದಾಗ ಒಂದು ದಿನ ಅವನೇ ಕೇಳಿದ. "ಅವ್ವಾ, ಎಲ್ಲಾರೂ ಓಡ್ತಾರ, ನನಗ್ಯಾಕ ಹಿಂಗ?" ಅವತ್ತು ನಾನು ತಪ್ಪು ಉತ್ತರ ಕೊಟ್ಟೆ. "ದೇವರಿಗೆ ನಿನ್ನ ಮ್ಯಾಲೆ ಪ್ರೀತಿ ಜಾಸ್ತಿ, ಅದಕ್ಕ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಸ್ವಲ್ಪ ಕಡಿಮಿ ಪ್ರೀತಿ ಮಾಡು ಅಂತ ಹೇಳವ್ವಾ" ಅಂದ. ಆಮೇಲೆ ನಾನು ಯಾರಿಗೂ ಆ ಉತ್ತರ ಕೊಟ್ಟಿಲ್ಲ.

ಅವನು ಹೋದ ಮೇಲೆ ಬೈಬಲಿನಲ್ಲಿರುವ ಯೋಬನ ಕಥೆಯನ್ನು ನಿಧಾನವಾಗಿ ಓದಿದೆ. ನಿಮಗೆ ಗೊತ್ತಿಲ್ಲದಿದ್ದರೆ ಚಿಕ್ಕದಾಗಿ ಹೇಳುತ್ತೇನೆ. ಊಚ್ ದೇಶದಲ್ಲಿ ಯೋಬ ಅಂತ ಒಬ್ಬ ಒಳ್ಳೆಯ ಮನುಷ್ಯ. 7,000 ಕುರಿ, 3,000 ಒಂಟೆ, 500 ಜೋಡಿ ಎತ್ತು, ಏಳು ಗಂಡು, ಮೂರು ಹೆಣ್ಣುಮಕ್ಕಳು. ಒಂದೇ ದಿನದಲ್ಲಿ ಎಲ್ಲವೂ ಹೋಗುತ್ತದೆ. ಆಮೇಲೆ ಮೈತುಂಬ ಹುಣ್ಣು. ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ. ಎಲೀಫಜ, ಬಿಲ್ದದ, ಚೋಫರ ಅಂತ ಮೂರು ಜನ ಗೆಳೆಯರು ಬರುತ್ತಾರೆ. ಬಂದವರು ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಕೂರುತ್ತಾರೆ, ಒಂದು ಮಾತೂ ಆಡುವುದಿಲ್ಲ. ಅವರು ಮಾಡಿದ್ದರಲ್ಲಿ ಅತಿ ಒಳ್ಳೆಯ ಕೆಲಸ ಅದೇ. ಎಂಟನೇ ದಿನ ಬಾಯಿ ತೆರೆದರು, ಎಲ್ಲ ಕೆಡಿಸಿದರು. ನೀನು ಏನೋ ಮಾಡಿರಬೇಕು, ಇಲ್ಲದೆ ಹೀಗಾಗುತ್ತಾ ಅಂತ ಅಧ್ಯಾಯಗಟ್ಟಲೆ ವಾದ.

ಯೋಬ ಒಪ್ಪುವುದಿಲ್ಲ. ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಕೊನೆಗೆ ದೇವರು ಮಾತಾಡುತ್ತಾನೆ, ಆದರೆ ನಿನಗೆ ಇಂಥ ಕಾರಣಕ್ಕೆ ಹೀಗಾಯಿತು ಅಂತ ಒಂದು ಕಡೆಯೂ ಹೇಳುವುದಿಲ್ಲ. ಕಥೆಯ ಮೊದಲಲ್ಲಿ ಪರಲೋಕದಲ್ಲಿ ಸೈತಾನ ದೇವರ ಮುಂದೆ, ಎಲ್ಲವನ್ನೂ ಕಳೆದುಕೊಂಡರೆ ಯೋಬ ನಿನ್ನನ್ನು ದೂಷಿಸುತ್ತಾನೆ ಅಂತ ಸವಾಲು ಹಾಕಿದ್ದು ಓದುವ ನಮಗೆ ಗೊತ್ತು. ಯೋಬನಿಗೆ ಕೊನೆವರೆಗೂ ಗೊತ್ತಾಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ ಜಾಗ ಆಮೇಲೆ ಬರುತ್ತದೆ. ದೇವರು ಆ ಗೆಳೆಯರ ಮೇಲೆ ಸಿಟ್ಟಾಗಿ, ನನ್ನ ಸೇವಕ ಯೋಬನು ಮಾತಾಡಿದ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ದೇವರ ಪರ ವಕಾಲತ್ತು ಮಾಡಿದವರು ತಪ್ಪಿತಸ್ಥರು. ದೇವರ ಮುಂದೆ ಕೂಗಾಡಿದವನು ಸರಿ.

ಒಂದು ವಿಷಯದಲ್ಲಿ ಮಾತ್ರ ಆ ಪುಸ್ತಕದ ಮೇಲೆ ಬಹಳ ದಿನ ಸಿಟ್ಟಿತ್ತು. ಕೊನೆಯಲ್ಲಿ ಯೋಬನಿಗೆ ಮತ್ತೆ ಹತ್ತು ಮಕ್ಕಳಾದರು ಅಂತ ಬರೆದಿದೆ. ಹೋದ ಮಗುವಿನ ಜಾಗಕ್ಕೆ ಇನ್ನೊಂದು ಮಗು ಬರುತ್ತದಾ? ನನಗೆ ಎರಡನೇ ಮಗನಿದ್ದಾನೆ, ಅವನು ನನ್ನ ಜೀವ. ಆದರೆ ಅವನು ಅಣ್ಣನ ಬದಲಿಗೆ ಬಂದವನಲ್ಲ. ಇದನ್ನು ನಮ್ಮ ಅಯ್ಯನವರ, ಅಂದರೆ ಸಭೆಯ ಪಾದ್ರಿಯ, ಮುಂದೆ ಹೇಳಿಕೊಂಡೆ. ಅವರು ವಾದ ಮಾಡಲಿಲ್ಲ. "ಲೆಕ್ಕ ನೋಡವ್ವಾ" ಅಂದರು. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000 ಆಯಿತು. ಎಲ್ಲವೂ ಎರಡರಷ್ಟು. ಮಕ್ಕಳು ಮಾತ್ರ ಹತ್ತಕ್ಕೆ ಹತ್ತೇ. ಯಾಕೆಂದರೆ ಮೊದಲಿನ ಹತ್ತು ಮಕ್ಕಳು ದೇವರ ಲೆಕ್ಕದಲ್ಲಿ ಇನ್ನೂ ಇದ್ದಾರೆ. ಹಳೆಯ ಕಾಲದಿಂದ ಹೀಗೆ ಓದುವವರಿದ್ದಾರಂತೆ. ಅವತ್ತಿನಿಂದ ನನಗೆ ಎಷ್ಟು ಮಕ್ಕಳು ಅಂತ ಯಾರಾದರೂ ಕೇಳಿದರೆ ಇಬ್ಬರು ಅಂತಲೇ ಹೇಳುತ್ತೇನೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು, ನಿಮಗೂ ನೆನಪಿರಬೇಕು. ಅವಶೇಷದ ಕೆಳಗಿಂದ ಜೀವಂತವಾಗಿ ಬಂದವರನ್ನು ನೋಡಿ "ದೇವರು ದೊಡ್ಡವನು" ಅಂದೆವು. ಹೊರಗೆ ಬಾರದವರ ಮನೆಯವರು ಆ ಮಾತನ್ನು ಹೇಗೆ ಕೇಳಿಸಿಕೊಂಡಿರಬೇಕು? ಅವರ ಕರ್ಮ, ಅವರ ಹಣೆಬರಹ ಅಂದವರೂ ಇದ್ದರು. ಆ ವಾರ ನನಗೆ ಲೂಕನ ಸುವಾರ್ತೆಯ 13ನೇ ಅಧ್ಯಾಯ ನೆನಪಾಯಿತು. ಯೇಸುವಿನ ಕಾಲದಲ್ಲೂ ಯೆರೂಸಲೇಮಿನ ಸಿಲೋವದಲ್ಲಿ ಒಂದು ಬುರುಜು ಬಿದ್ದು 18 ಜನ ಸತ್ತಿದ್ದರು. ಆ 18 ಜನ ಊರಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳು ಅಂದುಕೊಂಡಿರಾ ಅಂತ ಕೇಳಿ, ಹಾಗಲ್ಲ ಅಂತ ಅವನೇ ಹೇಳಿದ. ಸತ್ತವರ ತನಿಖೆ ಬಿಡಿ, ಬದುಕಿರುವ ನೀವು ದೇವರ ಕಡೆಗೆ ತಿರುಗಿಕೊಳ್ಳಿ ಅಂದ. ಹುಟ್ಟು ಕುರುಡನೊಬ್ಬನನ್ನು ನೋಡಿ ಶಿಷ್ಯರು "ಪಾಪ ಮಾಡಿದ್ದು ಯಾರು, ಇವನೋ ಇವನ ತಂದೆತಾಯಿಯೋ?" ಅಂತ ಕೇಳಿದಾಗಲೂ ಇಬ್ಬರೂ ಅಲ್ಲ ಅಂದ. ಅಷ್ಟು ಹೇಳಿ ಸುಮ್ಮನೆ ನಿಲ್ಲಲಿಲ್ಲ. ದೇವರ ಕೆಲಸ ಇವನಲ್ಲಿ ಕಾಣಬೇಕು ಅಂತ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ಹೋಗಿ ತೊಳೆದುಕೋ ಅಂದ. ಕಳಿಸಿದ್ದು ಅದೇ ಸಿಲೋವದ ಕೊಳಕ್ಕೆ.

ಹಾಗಾದರೆ ನೋವು ಎಲ್ಲಿಂದ ಬರುತ್ತದೆ? ಒಂದಷ್ಟು ಮನುಷ್ಯರಿಂದಲೇ ಬರುತ್ತದೆ. ಒಬ್ಬನ ತಪ್ಪು ಇನ್ನೊಬ್ಬನ ತಲೆ ಮೇಲೆ ಬೀಳುತ್ತದೆ. ಇದರಲ್ಲಿ ಬಿಡಿಸಿ ಹೇಳುವಂಥದ್ದು ಜಾಸ್ತಿ ಇಲ್ಲ.

ಆದರೆ "ಎಲ್ಲವೂ ಒಳ್ಳೆಯದಕ್ಕೇ" ಅನ್ನುವ ಮಾತಿನ ಬಗ್ಗೆ ಹೇಳಲೇಬೇಕು. ನಮ್ಮ ಮನೆತನ ಕ್ರೈಸ್ತವಾದದ್ದೇ ಒಂದು ಬರದಿಂದ. 1876ರಿಂದ 1878ರವರೆಗೆ ಈ ಸೀಮೆಯನ್ನೆಲ್ಲ ಸುಟ್ಟ ದೊಡ್ಡ ಬರ, ಹಿರಿಯರು ಧಾತು ಸಂವತ್ಸರದ ಬರ ಅನ್ನುತ್ತಿದ್ದರು. ನನ್ನ ಅವ್ವನ ಅಜ್ಜಿಗೆ ಆಗ ಐದೋ ಆರೋ ವರ್ಷ. ಅಪ್ಪ ಅವ್ವ ಇಬ್ಬರೂ ದಾರಿಯಲ್ಲೇ ತೀರಿಕೊಂಡರು. ಉಳಿದ ಹುಡುಗಿಯನ್ನು ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ಸಾಕಿದರು. ಅವರು ಧಾರವಾಡಕ್ಕೆ ಬಂದು ಆಗಲೇ ನಲವತ್ತು ವರ್ಷ ಆಗಿತ್ತು. ಆ ಹುಡುಗಿ ಓದು ಕಲಿತಳು, ಹೊಲಿಗೆ ಕಲಿತಳು, ಅವಳಿಂದ ನಾವು. ನೋಡಿ, ದೇವರು ಎಷ್ಟು ಚೆಂದ ನಡೆಸಿದ ಅಂತ ಸಭೆಯಲ್ಲಿ ಸಾಕ್ಷಿ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನಾನೂ ಹೇಳಿದ್ದೇನೆ. ಮಗ ಹೋದ ಮೇಲೆ ಹೇಳಲು ಬಾಯಿ ಬರಲಿಲ್ಲ. ನನ್ನ ಕೈಗೆ ಬೈಬಲ್ ಬರಲಿ ಅಂತ ದೇವರು ಆ ತಂದೆತಾಯಿಯನ್ನು ಹಸಿವಿನಿಂದ ಕೊಂದನೇ? ಅಂಥ ದೇವರನ್ನು ನಾನು ನಂಬುವುದಿಲ್ಲ. ಮಳೆ ಕೈಕೊಟ್ಟದ್ದು ನಿಜ. ಅದೇ ಹೊತ್ತಿನಲ್ಲಿ ಈ ದೇಶದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುತ್ತಲೇ ಇದ್ದದ್ದೂ ನಿಜ. ನಾನು ನಂಬುವುದು ಇಷ್ಟು: ಬರ ದೇವರ ಕೆಲಸ ಅಲ್ಲ. ಆ ಹುಡುಗಿಯ ಬಾಯಿಗೆ ಗಂಜಿ ಇಟ್ಟ ಕೈಯಲ್ಲಿ ದೇವರಿದ್ದ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿ ಅನುಕೂಲವಾಗುತ್ತದೆ ಅಂತ ಯೇಸುವಿನ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಬರೆದದ್ದನ್ನು ನಾನು ಹಾಗೆ ಓದುತ್ತೇನೆ. ಆಗಿದ್ದೆಲ್ಲ ಒಳ್ಳೆಯದು ಅಂತ ಅವನು ಬರೆದಿಲ್ಲ.

ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ, ಸೃಷ್ಟಿಯೆಲ್ಲ ಇವತ್ತಿನವರೆಗೂ ನರಳುತ್ತಿದೆ, ಹೆರಿಗೆಯ ನೋವು ತಿನ್ನುತ್ತಿದೆ ಅಂತ ಬರೆದಿದ್ದಾನೆ. ನಾನು ಹೆರಿಗೆ ವಾರ್ಡಿನಲ್ಲೂ ಇದ್ದೆ, ಕ್ಯಾನ್ಸರ್ ರೋಗಿಗಳ ವಾರ್ಡಿನಲ್ಲೂ ಇದ್ದೆ. ಕಣ್ಣು ಮುಚ್ಚಿ ಕೇಳಿದರೆ ಎರಡೂ ಕಡೆಯ ನರಳಿಕೆ ಒಂದೇ ಥರ ಇರುತ್ತದೆ. ಈ ಲೋಕ ಇರಬೇಕಾದ ಹಾಗೆ ಇಲ್ಲ, ಇದರ ನರಳಿಕೆ ಹೆರಿಗೆಯ ನರಳಿಕೆ, ಇದರಾಚೆ ಒಂದು ಹುಟ್ಟು ಇದೆ ಅನ್ನುವುದು ನಮ್ಮ ನಂಬಿಕೆ. ನಂಬಿಕೆ ಅಂತಲೇ ಹೇಳುತ್ತಿದ್ದೇನೆ. ನಿಮ್ಮ ತಾಯಿಗೇ ಯಾಕೆ, ನನ್ನ ಮಗನಿಗೇ ಯಾಕೆ ಅನ್ನುವುದಕ್ಕೆ ಇದರಲ್ಲೂ ಉತ್ತರ ಇಲ್ಲ.

ಉತ್ತರ ಇಲ್ಲದೆಯೂ ನಾನು ಯಾಕೆ ಈ ದೇವರನ್ನು ಬಿಡಲಿಲ್ಲ? ಶುಭ ಶುಕ್ರವಾರ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ ಇರುತ್ತದೆ. ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುತ್ತೇವೆ. ಏಪ್ರಿಲ್ ಬಿಸಿಲು, ಫ್ಯಾನಿನ ಸದ್ದು, ಉಪವಾಸದ ಹೊಟ್ಟೆ. ಮಗ ಹೋದ ಮುಂದಿನ ವರ್ಷ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಾಲ್ಕನೇ ಮಾತು ಬಂತು. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಅದು ದಾವೀದನ 22ನೇ ಕೀರ್ತನೆಯ ಮೊದಲ ಸಾಲು. ಎಷ್ಟು ಸಲ ಕೇಳಿದ್ದೆನೋ. ಅವತ್ತು ಮಾತ್ರ "ಯಾಕೆ" ಅನ್ನುವ ಒಂದೇ ಪದ ಕೇಳಿಸಿತು. ನಾವು ದೇವರ ಮಗ ಅನ್ನುವವನು ನಾನು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದ್ದ. ಅವನಿಗೂ ಆ ಮಧ್ಯಾಹ್ನ ಉತ್ತರ ಬರಲಿಲ್ಲ. ಮೂರನೇ ದಿನ ದೇವರು ಅವನನ್ನು ಎಬ್ಬಿಸಿದ, ಕಾರಣ ವಿವರಿಸಲಿಲ್ಲ. ಎದ್ದು ಬಂದವನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ಅದನ್ನೇ ನಂಬದೆ ಇದ್ದ ಶಿಷ್ಯ ತೋಮನಿಗೆ ತೋರಿಸಿದ. ನೋವನ್ನು ಮೇಲಿಂದ ನೋಡುವ ದೇವರಾಗಿದ್ದರೆ ನನಗೆ ಬೇಕಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುಸ್ಲಿಂ ಅಕ್ಕ ಇದ್ದರು. ಮಗ ಹೋದ ಮೇಲೆ ಅವರು ಒಂದು ಸಲವೂ ಸಮಾಧಾನದ ಮಾತು ಆಡಲಿಲ್ಲ. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಅದೂ ಹೊತ್ತಲ್ಲದ ಹೊತ್ತಿಗೆ. ನೀರು ಬಂದ ರಾತ್ರಿ ನಾನು ಏಳುವ ಸ್ಥಿತಿಯಲ್ಲಿ ಇರಲಿಲ್ಲ. ಬೆಳಗ್ಗೆ ನೋಡಿದರೆ ನಮ್ಮ ಡ್ರಮ್ಮು, ಕೊಡ ಎಲ್ಲ ತುಂಬಿದ್ದವು. ಎರಡು ತಿಂಗಳು ಹಾಗೇ ನಡೆಯಿತು. ಯೋಬನ ಗೆಳೆಯರು ಎಂಟನೇ ದಿನ ಮಾಡಬೇಕಾಗಿದ್ದ ಕೆಲಸ ಅದು ಅಂತ ನನಗೆ ಅನಿಸುತ್ತದೆ.

ಈಗ ನಿಮ್ಮ ತಾಯಿ. ಹಗಲು ನಗುತ್ತಾ ಇದ್ದರೂ ರಾತ್ರಿ ಆ ಪ್ರಶ್ನೆ ಅವರ ಒಳಗೆ ಇದ್ದೇ ಇರುತ್ತದೆ. ಕೇಳಿದರೆ ಹೇಳಿ: "ನೀ ಏನೂ ತಪ್ಪ ಮಾಡಿಲ್ಲವ್ವಾ." ಒಂದು ಸಲ ಹೇಳಿದರೆ ಸಾಲದು, ಮತ್ತೆ ಮತ್ತೆ ಹೇಳಿ. ಬಂದವರು ಯಾರಾದರೂ ಕರ್ಮ, ಪಾಪ, ಪರೀಕ್ಷೆ ಅಂತ ಶುರು ಮಾಡಿದರೆ ಅವರನ್ನು ಚಹಾ ಕುಡಿಸುವ ನೆಪದಲ್ಲಿ ಹೊರಗೆ ಕರೆದುಕೊಂಡು ಹೋಗಿ. ನಿಮ್ಮ ತಾಯಿ ದೇವರ ಮೇಲೆ ಸಿಟ್ಟು ಮಾಡಿಕೊಂಡರೆ ತಡೆಯಬೇಡಿ.

ಕೀಮೋ ಆದ ಮೇಲೆ ಬಾಯಿ ಹುಣ್ಣಾಗಬಹುದು. ಖಾರ, ಬಿಸಿ ಬೇಡ. ತಣ್ಣಗಾದ ಮೆತ್ತನೆಯ ಗಂಜಿ ಕೊಡಿ, ರೊಟ್ಟಿ ಬೇಕೇ ಬೇಕು ಅಂದರೆ ಬೇಳೆಕಟ್ಟಿನಲ್ಲಿ ನೆನೆಸಿ ಕೊಡಿ. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಸುಮ್ನೆ ಗುಳಿಗೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಊರಿನಿಂದ ಗಾಡಿ ಯಾರದು ಸಿಗುತ್ತದೆ ಅಂತ ಇವತ್ತೇ ಕೇಳಿ ಇಟ್ಟುಕೊಳ್ಳಿ.