ಮೀಟರಿಗೆ ಬೆಳಕು, ಕಣ್ಣಿಗೆ ಕತ್ತಲೆ

ಕಟ್ಟಡಗಳ ಬೆಳಕಿನ ವಿನ್ಯಾಸ, ಅಂದರೆ ಲೈಟಿಂಗ್ ಡಿಸೈನ್ ಕುರಿತು ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಸಿಕ್ಕಷ್ಟಕ್ಕೆ ಸುಧಾರಿಸಿಕೊಳ್ಳಬೇಕು. ಲುಮೆನ್ನಿಗೂ ಲಕ್ಸಿಗೂ ಏನು ವ್ಯತ್ಯಾಸ ಎಂದು ಕೇಳಿದ ಇಬ್ಬರಿಗೆ ಉತ್ತರ ಬರೆದಿಲ್ಲ. ಈ ಕಸುಬಿಗೆ ಬರುವವರು ಅಷ್ಟನ್ನು ಓದಿಕೊಂಡೇ ಬರಬೇಕು.

ಪ್ರಶ್ನೆ: ಆರ್ಕಿಟೆಕ್ಚರ್ ಓದಿ, ಆಮೇಲೆ ಲೈಟಿಂಗ್ ಸಾಫ್ಟ್‌ವೇರ್ ಕೋರ್ಸ್ ಮುಗಿಸಿ, ಎರಡು ವರ್ಷದಿಂದ ಲೈಟಿಂಗ್ ಡಿಸೈನರ್ ಆಗಿದ್ದೇನೆ. ಈಚೆಗೆ ಒಂದು ಕಚೇರಿಗೆ ಡಿಸೈನ್ ಮಾಡಿದೆ. ಡಯಲಕ್ಸ್ ಎಂಬ ಬೆಳಕಿನ ಲೆಕ್ಕದ ಸಾಫ್ಟ್‌ವೇರಿನಲ್ಲಿ ಮೇಜಿನ ಮೇಲೆ ಸರಾಸರಿ 500 ಲಕ್ಸ್ ಬಂದಿತ್ತು. ಸೈಟಿನಲ್ಲಿ ಮೀಟರ್ ಹಿಡಿದರೂ 490 ತೋರಿಸುತ್ತದೆ. ಆದರೆ ಮಾಲೀಕರು ‘ಒಳಗೆ ಬಂದರೆ ಗವಿ ಹೊಕ್ಕ ಹಾಗಿದೆ’ ಎನ್ನುತ್ತಾರೆ. ಗೋಡೆ ಕಡು ಬೂದು, ಸೀಲಿಂಗ್ ಕಪ್ಪು. ಇನ್ನಷ್ಟು ಡೌನ್‌ಲೈಟ್ (ಸೀಲಿಂಗಿನಿಂದ ನೇರ ಕೆಳಕ್ಕೆ ಬೆಳಕು ಬಿಡುವ ದೀಪ) ಹಾಕಲೇ? ಇದಕ್ಕಿಂತ ನಿಖರವಾದ ಸಾಫ್ಟ್‌ವೇರ್ ಯಾವುದಿದೆ?

ಉತ್ತರ: ಡೌನ್‌ಲೈಟ್ ಹಾಕಬೇಡಿ. ಸಾಫ್ಟ್‌ವೇರನ್ನೂ ಬದಲಾಯಿಸಬೇಡಿ. ಪಾಪ, ನೀವು ಕೇಳಿದ ಲೆಕ್ಕವನ್ನು ಅದು ಸರಿಯಾಗಿಯೇ ಮಾಡಿಕೊಟ್ಟಿದೆ. ಕೇಳಬೇಕಾದ್ದನ್ನು ನೀವು ಕೇಳಿಲ್ಲ, ಅಷ್ಟೇ.

ಮೊದಲು ಮಾಲೀಕರು ಹೇಳಿದ್ದನ್ನು ನಂಬಿ. ಅವರು ಗವಿ ಎಂದರೆ ಅದು ಗವಿಯೇ. ಮೀಟರನ್ನು ಅವರ ಮುಖದ ಮುಂದೆ ಹಿಡಿದು ‘ನೋಡಿ ಸಾರ್, 490 ಇದೆ’ ಎಂದು ವಾದಿಸುವ ಹುಡುಗರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೀಟರ್ ಲಕ್ಸಿನಲ್ಲಿ ಅಳೆಯುವುದು ಒಂದು ಜಾಗದ ಮೇಲೆ ಬೀಳುವ ಬೆಳಕನ್ನು. ಕಣ್ಣಿಗೆ ಕಾಣುವುದು ಬಿದ್ದು ವಾಪಸ್ ಬಂದದ್ದು ಮಾತ್ರ. ಬಿಳಿ ಗೋಡೆಯ ಮೇಲೆ 100 ಲಕ್ಸ್ ಬಿದ್ದರೆ ಅದರಲ್ಲಿ ಸುಮಾರು ಶೇ. 80 ಮರಳಿ ಬರುತ್ತದೆ. ನಿಮ್ಮ ಬೂದು ಗೋಡೆಯಿಂದ ಶೇ. 10 ಬಂದರೆ ಹೆಚ್ಚು. ಬಿಳಿ ಗೋಡೆ 100 ಲಕ್ಸಿಗೆ ಕೊಡುವಷ್ಟನ್ನು ಆ ಬೂದು ಗೋಡೆಯಿಂದ ಹಿಂಡಬೇಕಾದರೆ 800 ಲಕ್ಸ್ ಸುರಿಯಬೇಕು. ಕಪ್ಪು ಸೀಲಿಂಗಿನ ಮಾತು ಬೇಡವೇ ಬೇಡ.

ಇನ್ನೊಂದು ಸಂಗತಿ. ಬಾಗಿಲು ತೆರೆದು ಒಳಗೆ ಬಂದವರು ಮೇಜಿನ ಹಲಗೆಯನ್ನು ನೋಡುವುದಿಲ್ಲ. ಕಣ್ಣೆತ್ತರದಲ್ಲಿ ಎದುರಿಗಿರುವುದು ಗೋಡೆ, ಅದರ ಮೇಲೆ ಸೀಲಿಂಗಿನ ಅಂಚು, ನಡುವೆ ಜನರ ಮುಖ. ನೀವು ಬೆಳಕನ್ನೆಲ್ಲ ನೇರ ಕೆಳಕ್ಕೆ, ಮೇಜಿಗೂ ಕಾರ್ಪೆಟ್ಟಿಗೂ ಸುರಿದಿದ್ದೀರಿ. ಮುಖಗಳ ಮೇಲೆ ಕಣ್ಣಗುಳಿಯ ನೆರಳು ಬಿದ್ದಿರಬೇಕಲ್ಲ? ಹೋಗಿ ನೋಡಿ, ಬಿದ್ದಿರುತ್ತದೆ.

ಈಗ ನಿಮ್ಮ ಫೈಲನ್ನು ತೆರೆದು ಗೋಡೆಯ ಪ್ರತಿಫಲನ ಎಷ್ಟಿದೆ ನೋಡಿ. ಸೀಲಿಂಗಿಗೆ ಶೇ. 70, ಗೋಡೆಗೆ 50, ನೆಲಕ್ಕೆ 20 ಎಂದೇ ಇರುತ್ತದೆ ಎಂದು ಪಂದ್ಯ ಕಟ್ಟುತ್ತೇನೆ. ಅದು ಸಾಫ್ಟ್‌ವೇರ್ ತಾನಾಗಿ ತುಂಬುವ ಅಂಕಿ, ನಿಮ್ಮ ಕಟ್ಟಡದ್ದಲ್ಲ. ಹಾಗಾದರೆ ಮೇಜಿನ ಲಕ್ಸ್ ಹೇಗೆ ತಾಳೆಯಾಯಿತು? ಡೌನ್‌ಲೈಟಿನ ಬೆಳಕು ಗೋಡೆಯ ಹಂಗಿಲ್ಲದೆ ನೇರ ಮೇಜಿಗೆ ಇಳಿಯುತ್ತದೆ. ಗೋಡೆ ಬಿಳಿಯಿರಲಿ ಕಪ್ಪಿರಲಿ, ಆ ಅಂಕಿ ಅಷ್ಟೇನೂ ಅಲುಗುವುದಿಲ್ಲ. ನಿಮ್ಮ ತಪ್ಪು ಇಷ್ಟು ದಿನ ಅಡಗಿ ಕೂತಿದ್ದು ಅದರಿಂದಲೇ. 500 ಲಕ್ಸ್ ಎಂದು ಎಲ್ಲರೂ ಬಾಯಿಪಾಠ ಮಾಡುವ ಇಎನ್ 12464-1 ಎಂಬ ಯುರೋಪಿನ ಮಾನಕ 2021ರಲ್ಲಿ ಪರಿಷ್ಕರಣೆಯಾಯಿತು. ಅದರ ಕೋಷ್ಟಕದಲ್ಲಿ ಕಚೇರಿಯ ಅದೇ ಸಾಲಿನಲ್ಲಿ ಬಲಕ್ಕೆ ಸರಿಯುತ್ತ ಹೋದರೆ ಗೋಡೆಗೆ 150 ಲಕ್ಸ್, ಸೀಲಿಂಗಿಗೆ 100 ಎಂದು ಬರೆದಿದೆ. ಅಲ್ಲಿಯವರೆಗೆ ಯಾರೂ ಓದುವುದಿಲ್ಲ.

ಮಾಡಬೇಕಾದ್ದು ಇಷ್ಟು. ಬಾಗಿಲಿಗೆ ಎದುರಾಗುವ ಗೋಡೆಯೊಂದಕ್ಕಾದರೂ ತಿಳಿ ಬಣ್ಣ ಬಳಿಸಿ. ಅದಕ್ಕೆ ವಾಲ್ ವಾಷರ್, ಅಂದರೆ ಗೋಡೆಯನ್ನು ಸಮವಾಗಿ ಬೆಳಗುವ ದೀಪ ಕೊಡಿ. ಗೋಡೆಯ ಎತ್ತರದ ಮೂರನೇ ಒಂದು ಭಾಗದಷ್ಟು ದೂರದಲ್ಲಿ, ಅಂದರೆ 3 ಮೀಟರ್ ಗೋಡೆಗೆ 1 ಮೀಟರ್ ಈಚೆ. ಡೌನ್‌ಲೈಟನ್ನು ಸ್ವಲ್ಪ ಡಿಮ್ ಮಾಡಿ. ಮೇಜಿನ ಮೇಲೆ 60–70 ಲಕ್ಸ್ ಕಡಿಮೆಯಾದರೂ ಕೋಣೆ ಬೆಳಗಾದಂತೆ ಕಾಣುತ್ತದೆ. ಓದುವ ಕೆಲಸ ಇರುವಲ್ಲಿಗೆ ಮೇಜಿನ ದೀಪ ಕೊಡಿ. ಬಣ್ಣ ಬದಲಾಯಿಸಲು ಆರ್ಕಿಟೆಕ್ಟ್ ಒಪ್ಪದಿದ್ದರೆ ಆ ಗೋಡೆಗೆ ತಿಳಿ ಬಣ್ಣದ ಪ್ಯಾನೆಲ್ಲೋ ಚಿತ್ರವೋ ಹಾಕಿಸಿ, ಅದರ ಮೇಲೆ ಬೆಳಕು ಬಿಡಿ. ಅದಕ್ಕೂ ಒಪ್ಪದಿದ್ದರೆ, ‘ಈ ಬಣ್ಣಕ್ಕೆ ಈ ಕೋಣೆ ಹೀಗೆಯೇ ಇರುತ್ತದೆ’ ಎಂದು ಬರವಣಿಗೆಯಲ್ಲಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ನಾನಂತೂ ಈಗ ಸಹಿಯಿಲ್ಲದೆ ಒಂದು ಹೆಜ್ಜೆ ಇಡುವುದಿಲ್ಲ.

ಒಂದು ಎಚ್ಚರಿಕೆ. ಖರ್ಚು ಉಳಿಸಲು ಗೋಡೆಗೆ ಅಂಟಿಕೊಂಡಂತೆ ಮೇಲಿಂದ ಎಲ್‌ಇಡಿ ಸ್ಟ್ರಿಪ್ ಇಳಿಬಿಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಸುಬಿನ ಮೂರನೇ ವರ್ಷದಲ್ಲಿ ನಾನೂ ಅದನ್ನೇ ಮಾಡಿದ್ದೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ. ಹಗಲಿನಲ್ಲಿ ಆ ಗೋಡೆ ಕನ್ನಡಿಯ ಹಾಗಿತ್ತು. ರಾತ್ರಿ ಸ್ವಿಚ್ ಒತ್ತಿದರೆ ಗಾರೆಯವನ ಕರಣೆ ಓಡಿದ ಒಂದೊಂದು ಗೆರೆಯೂ, ಪುಟ್ಟಿಯ ಒಂದೊಂದು ಉಬ್ಬೂ ನೆರಳು ಚೆಲ್ಲಿ ಎದ್ದು ನಿಂತವು. ನಾನು ಗಾರೆಯವನ ಮೇಲೆ ಹರಿಹಾಯ್ದೆ. ಆತ ಏನೂ ಮಾತಾಡದೆ ಜೇಬಿನಿಂದ ಟಾರ್ಚ್ ತೆಗೆದು, ಪಕ್ಕದ ಕೋಣೆಯ ಗೋಡೆಗೆ ಅಡ್ಡಲಾಗಿ ಹಿಡಿದು ತೋರಿಸಿದ. ಅಲ್ಲೂ ಅದೇ ಉಬ್ಬುತಗ್ಗು. ಎಲ್ಲ ಗೋಡೆಯೂ ಹಾಗೇ ಇರುತ್ತದೆ, ಎದುರಿನ ಬೆಳಕಿನಲ್ಲಿ ಕಾಣುವುದಿಲ್ಲ ಅಷ್ಟೆ. ಆ ಪರೀಕ್ಷೆಯನ್ನು ಡ್ರಾಯಿಂಗ್ ಬರೆಯುವ ಮೊದಲು ನಾನು ಮಾಡಬೇಕಿತ್ತು. ಅಂದಿನಿಂದ ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇರಲಿ ಬಿಡಲಿ, ಟಾರ್ಚ್ ಇರುತ್ತದೆ.

ಇಷ್ಟೆಲ್ಲ ಯಾವ ಕೋರ್ಸಿನಲ್ಲಿ ಹೇಳಿಕೊಡುತ್ತಾರೆ ಎಂದು ಕೇಳಬೇಡಿ. ನಾಲ್ಕು ಶನಿವಾರ ಮೌಸ್ ಆಡಿಸಲು ಕಲಿಸಿ ‘ಲೈಟಿಂಗ್ ಡಿಸೈನರ್’ ಎಂದು ಪ್ರಮಾಣಪತ್ರ ಕೊಡುವವರ ಮೇಲೆ ನನಗಿರುವ ಸಿಟ್ಟು ಅಷ್ಟಿಷ್ಟಲ್ಲ. ಅಮೆರಿಕದ ಲೈಟಿಂಗ್ ಡಿಸೈನರ್ ರಿಚರ್ಡ್ ಕೆಲ್ಲಿ (1910–1977) ಬೆಳಕನ್ನು ಮೂರು ಬಗೆಯಾಗಿ ನೋಡಿದ: ಎಲ್ಲೆಡೆ ಹರಡಿ ಹಿನ್ನೆಲೆಯಾಗುವುದು, ಒಂದೆಡೆ ಬಿದ್ದು ಕಣ್ಣನ್ನು ಅಲ್ಲಿಗೆ ಎಳೆಯುವುದು, ತಾನೇ ಮಿನುಗಿ ಮನಸ್ಸಿಗೆ ಲವಲವಿಕೆ ಕೊಡುವುದು. ನ್ಯೂಯಾರ್ಕಿನ 1958ರ ಸೀಗ್ರಮ್ ಕಟ್ಟಡದ ಬೆಳಕು ಅವನದು. 1972ರಲ್ಲಿ ತೆರೆದ ಟೆಕ್ಸಸ್ಸಿನ ಕಿಂಬೆಲ್ ಮ್ಯೂಸಿಯಮ್ಮಿನಲ್ಲಿ ಆರ್ಕಿಟೆಕ್ಟ್ ಲೂಯಿ ಕಾನ್ ಕಟ್ಟಿದ ಕಮಾನುಗಳ ನೆತ್ತಿಯ ಸೀಳಿನಿಂದ ಬರುವ ಬಿಸಿಲನ್ನು ತೂತುತೂತಿನ ಅಲ್ಯೂಮಿನಿಯಂ ತಗಡಿನಿಂದ ತಡೆದು ಕಾಂಕ್ರೀಟಿಗೇ ತಿರುಗಿಸಿದವನೂ ಅವನೇ. ಬೂದು ಕಾಂಕ್ರೀಟು ಅಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ನಿಮ್ಮ ಕಚೇರಿಯಲ್ಲಿ ಈ ಮೂರರಲ್ಲಿ ಯಾವುದಿದೆ? ಮೊದಲನೆಯದು ಇಲ್ಲ, ಗವಿಯಾದದ್ದು ಅದಕ್ಕೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ವರ್ಷ ಯಾರದಾದರೂ ಜೊತೆ ರಾತ್ರಿ ಏಮಿಂಗಿಗೆ, ಅಂದರೆ ದೀಪಗಳ ದಿಕ್ಕು ಹೊಂದಿಸಲು ಹೋಗುತ್ತಿದ್ದೆ. ಒಬ್ಬ ಏಣಿಯ ಮೇಲೆ, ನೀವು ಕೆಳಗೆ. ‘ಸ್ವಲ್ಪ ಎಡಕ್ಕೆ. ಇನ್ನೊಂದು ಚೂರು. ಹೆಚ್ಚಾಯ್ತು. ಹ್ಞಾಂ, ಸ್ಕ್ರೂ ಬಿಗಿ ಮಾಡು.’ ಆಮೇಲೆ ಮಾರ್ಕರಿನಲ್ಲಿ ಫಿಟ್ಟಿಂಗಿನ ಕುತ್ತಿಗೆಗೊಂದು ಗುರುತು, ಇಲ್ಲದಿದ್ದರೆ ಮೊದಲ ಸಲ ಧೂಳು ಒರೆಸುವವರೇ ಅದನ್ನು ತಿರುಗಿಸಿಬಿಡುತ್ತಾರೆ. ಹಾಗೆ ಇನ್ನೂರು ಸ್ಪಾಟ್ ತಿರುಗಿಸಿದ ಮೇಲೆ 15 ಡಿಗ್ರಿ ಬೀಮ್ (ಬೆಳಕು ಹರಡುವ ಕೋನ) ಎಂದರೆ ಏನೆಂದು ನಿಮ್ಮ ಕುತ್ತಿಗೆಯ ನೋವೇ ಹೇಳುತ್ತದೆ.

ಪ್ರಶ್ನೆ: 6500 ಕೆಲ್ವಿನ್ನಿನ ತಣ್ಣನೆ ಬಿಳಿ ದೀಪದಲ್ಲಿ ಬೆಳಕು ಜಾಸ್ತಿಯಲ್ಲವೇ?

ಉತ್ತರ: ನೀಲಿ ಜಾಸ್ತಿ.

ಪ್ರಶ್ನೆ: ದೀಪದ ಕಂಪನಿಯವರೇ ಪುಕ್ಕಟೆ ಡಿಸೈನ್ ಮಾಡಿಕೊಡುವಾಗ ನಿಮ್ಮಂಥವರಿಗೆ ಯಾಕೆ ಫೀ ಕೊಡಬೇಕು?

ಉತ್ತರ: ಪುಕ್ಕಟೆ ಎಂದವರು ಯಾರು? ದೀಪದ ಬಿಲ್ಲಿನಲ್ಲಿ ಅದು ಸೇರಿಯೇ ಇರುತ್ತದೆ. 200 ದೀಪ ಸಾಕಾದಲ್ಲಿ 300 ಬರೆದರೆ ಕೇಳುವವರಿಲ್ಲ. 1969ರಲ್ಲಿ ಶುರುವಾದ ಲೈಟಿಂಗ್ ಡಿಸೈನರುಗಳ ಅಂತರರಾಷ್ಟ್ರೀಯ ಸಂಘ ಐಎಎಲ್‌ಡಿ, ದೀಪ ಮಾರಾಟದಲ್ಲಿ ಪಾಲಿರುವವರಿಗೆ ವೃತ್ತಿಪರ ಸದಸ್ಯತ್ವ ಕೊಡದಿರುವುದು ಸುಮ್ಮನೆ ಅಲ್ಲ. ಹಾಗೆಂದು ನಮ್ಮವರೆಲ್ಲ ಸಾಚಾಗಳೂ ಅಲ್ಲ. ಒಂದು ಕೈಯಲ್ಲಿ ಫೀ, ಇನ್ನೊಂದು ಕೈಯಲ್ಲಿ ಕಮಿಷನ್ ತೆಗೆದುಕೊಳ್ಳುವವರು ಇದ್ದಾರೆ. ಕೆಲಸ ಕೊಡುವ ಮುಂಚೆ ನೇರವಾಗಿ ಕೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಹಲವರಿಗೆ ತಲೆನೋವು. ಹಸಿರು ‘ಹೀಲಿಂಗ್ ಲೈಟ್’ ಹಾಕಿದರೆ ವಾಸಿಯಾಗುತ್ತದೆ ಎಂದು ಒಬ್ಬ ಕನ್ಸಲ್ಟೆಂಟ್ ಹೇಳಿದ್ದಾರೆ. ಹಾಕಿಸಬಹುದೇ?

ಉತ್ತರ: ಆ ಕನ್ಸಲ್ಟೆಂಟನ್ನು ಬಾಗಿಲವರೆಗೆ ಬೀಳ್ಕೊಟ್ಟು ಬನ್ನಿ. ನಂತರ ದೀಪಗಳನ್ನು ಡಿಮ್ ಮಾಡಿ, ಅವುಗಳ ಕೆಳಗೆ ಒಂದು ಪೆನ್ನನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಿ. ಒಂದು ಪೆನ್ನು ಹತ್ತಾಗಿ ಕಂಡರೆ ದೀಪ ಮಿಣುಕುತ್ತಿದೆ ಎಂದರ್ಥ. ಕಳಪೆ ಡ್ರೈವರು (ದೀಪಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಸಾಧನ) ಬೆಳಕನ್ನು ತಗ್ಗಿಸುವುದು ಅದನ್ನು ಹಚ್ಚಿ ಆರಿಸಿ ಹಚ್ಚಿ ಆರಿಸಿಯೇ. ಆ ಮಿಣುಕಿನಿಂದ ಕೆಲವರಿಗೆ ತಲೆನೋವು ಬರುತ್ತದೆ. ಡ್ರೈವರ್ ಬದಲಾಯಿಸಿ. ನೋವು ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ, ನನ್ನ ಹತ್ತಿರವೂ ಬರಬೇಡಿ.

ಪ್ರಶ್ನೆ: ಎಲ್‌ಇಡಿ 50,000 ಗಂಟೆ ಬಾಳುವುದು ನಿಜವೇ?

ಉತ್ತರ: ಚಿಪ್ ಬಾಳಬಹುದು. ಅದೂ ಸಾಮಾನ್ಯವಾಗಿ ಬೆಳಕು ಶೇ. 70ಕ್ಕೆ ಇಳಿಯುವವರೆಗಿನ ಲೆಕ್ಕ. ಅದಕ್ಕೆ ಮುಂಚೆ ಸಾಯುವುದು ಡ್ರೈವರು, ಒಳಗಿನ ಕೆಪಾಸಿಟರ್ ಬಿಸಿಗೆ ಒಣಗಿ. ಡ್ರೈವರನ್ನು ಫಾಲ್ಸ್ ಸೀಲಿಂಗಿನ ಮೇಲೆ ಕೈ ಹಾಕಲು ಕಿಂಡಿಯೂ ಇಲ್ಲದಂತೆ ಹೂತಿಟ್ಟಿದ್ದರೆ ಸೀಲಿಂಗ್ ಒಡೆಯಲು ಈಗಲೇ ಹಣ ಎತ್ತಿಡಿ.

ಪ್ರಶ್ನೆ: ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 80 ಸಾಕೇ?

ಉತ್ತರ: ಕಾರಿಡಾರಿಗೆ ಸಾಕು. ಮುಖ, ಬಟ್ಟೆ, ಚಿತ್ರ ಇರುವಲ್ಲಿ 90 ಕೇಳಿ, ಜೊತೆಗೆ ಗಾಢ ಕೆಂಪಿನ ಅಂಕವಾದ ಆರ್9 ಎಷ್ಟೆಂದು ಕೇಳಿ. ಸಿಆರ್‌ಐ ಎಂಬುದು ಎಂಟು ತೆಳು ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಇಲ್ಲವೇ ಇಲ್ಲ.

ಪ್ರಶ್ನೆ: ಲಕ್ಸ್ ಅಳೆಯಲು ಫೋನಿನ ಯಾವ ಆ್ಯಪ್ ಒಳ್ಳೆಯದು?

ಉತ್ತರ: ಮೀಟರ್ ಕೊಳ್ಳಿ.