ಏಳು ಗೋರಿಗೆ ಒಂದೇ ಸಾಲು ಸಾಕಾ?

ನಮಸ್ಕಾರ.

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಈಮ್ ಅನ್ನೋ ಪ್ಲೇಗ್ ಹಳ್ಳಿಯ ಬಗ್ಗೆ, ರೋಗ ಹೊರಗೆ ಹರಡಬಾರದು ಅಂತ ಊರಿನವರೇ ಗಡಿ ದಾಟದೆ ಒಳಗೆ ಉಳಿದ ಆ ಊರಿನ ಬಗ್ಗೆ, ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. 1665ರಲ್ಲಿ ಲಂಡನ್ನಿಂದ ದರ್ಜಿ ಹ್ಯಾಡ್‌ಫೀಲ್ಡ್ ಮನೆಗೆ ಬಟ್ಟೆ ಬಂದದ್ದು, ಒದ್ದೆಯಾಗಿದ್ದ ಅದನ್ನು ಬೆಂಕಿಯ ಮುಂದೆ ಹರವಿದ್ದು, ಅದರಲ್ಲಿದ್ದ ರೋಗದ ಚಿಗಟ, ಸೆಪ್ಟೆಂಬರ್‌ನಲ್ಲಿ ಕೆಲಸಗಾರ ಜಾರ್ಜ್ ವಿಕರ್ಸ್ ಸತ್ತದ್ದು, ಇಷ್ಟನ್ನೂ ಅಚ್ಚುಕಟ್ಟಾಗಿ ಬರೆದಿದ್ದೀರಿ. ಆ ಭಾಗ ಮುಟ್ಟಬೇಡಿ. ಆದರೆ ಲೇಖನವನ್ನು ಹೀಗೇ ಹಾಕೋಕೆ ನನಗೆ ಮನಸ್ಸಿಲ್ಲ.

ಮೂರನೇ ಪುಟದಲ್ಲಿ ಈ ವಾಕ್ಯ ಇದೆ: 'ಎಲಿಜಬೆತ್ ಹ್ಯಾನ್ಕಾಕ್ ಎಂಬ ಮಹಿಳೆ ತನ್ನ ಇಡೀ ಕುಟುಂಬವನ್ನು ಕಳೆದುಕೊಂಡ ಹೃದಯವಿದ್ರಾವಕ ಘಟನೆಯೂ ಇಲ್ಲಿ ನಡೆಯಿತು.' ಅಷ್ಟೇ. ಅದರ ಕೆಳಗೆ ಅಲ್ಲಿನ ಅಂಗಡಿಯ ಚಹಾ, ಸ್ಕೋನ್ ಅನ್ನೋ ಬನ್ನು, ಜಾಮ್ ಬಗ್ಗೆ ಹತ್ತು ಸಾಲು. ಇದನ್ನು ಓದಿ ನಿಜವಾಗಿಯೂ ಸಿಟ್ಟು ಬಂತು.

ಆ ಹೆಂಗಸಿಗೆ ಆದದ್ದು ಏನು? 1666ರ ಆಗಸ್ಟ್ 3ರಿಂದ 10ರವರೆಗೆ, ಎಂಟೇ ದಿನದಲ್ಲಿ, ಗಂಡ ಮತ್ತು ಆರು ಮಕ್ಕಳು ಹೋದರು. ಸತ್ತವರನ್ನು ಅವರವರ ಮನೆಯವರೇ ಹೂಳಬೇಕು ಅಂತ ಊರಲ್ಲಿ ತೀರ್ಮಾನ ಆಗಿತ್ತು. ಹೆಣ ಎತ್ತೋಕೆ ಯಾರೂ ಬರುವ ಹಾಗಿರಲಿಲ್ಲ. ಆಕೆಯೇ ಗುಂಡಿ ತೋಡಿದಳು, ಆಕೆಯೇ ಒಂದೊಂದಾಗಿ ಎಳೆದುಕೊಂಡು ಹೋಗಿ ಮಣ್ಣು ಮಾಡಿದಳು. 'ಇಡೀ ಕುಟುಂಬ' ಅನ್ನೋದೂ ಸರಿಯಲ್ಲ, ಒಬ್ಬ ಮಗ ಶೆಫೀಲ್ಡ್‌ನಲ್ಲಿ ಉಳಿದಿದ್ದ, ಆಮೇಲೆ ಆಕೆ ಅವನ ಹತ್ತಿರ ಹೋದಳು. ಮುಂದೆ ನೀವು 'ರೈಲಿ ಕುಟುಂಬದ ಗೋರಿಗಳು' ಅಂತ ಬೇರೆಯಾಗಿ ಬರೆದಿದ್ದೀರಲ್ಲ, ಅವು ಇದೇ ಹ್ಯಾನ್ಕಾಕ್ ಮನೆಯವರ ಗೋರಿಗಳು! ರೈಲಿ ಅನ್ನೋದು ಆ ಜಮೀನಿನ ಹೆಸರು. ಹೊಲದ ಮಧ್ಯೆ ಆ ಕಲ್ಲಿನ ಗೋಡೆಯೊಳಗೆ ನಿಂತು ಬಂದವರು ನೀವು, ಗೋರಿಕಲ್ಲಿನ ಮೇಲಿನ ಹೆಸರು ಓದಲಿಲ್ವಾ?

ಇನ್ನು 'ಹೃದಯವಿದ್ರಾವಕ'. ಎಂಟು ದಿನ, ಏಳು ಗುಂಡಿ, ಒಬ್ಬಳೇ ಹೆಂಗಸು ಅಂತ ಬರೆದ ಮೇಲೆ ಆ ಪದಕ್ಕೆ ಅಲ್ಲಿ ಕೆಲಸವೇ ಇಲ್ಲ.

ನಾನು ಕೆಲಸ ಕಲಿತದ್ದು ಒಂದು ಜಿಲ್ಲಾ ಪತ್ರಿಕೆಯಲ್ಲಿ. ಅಲ್ಲಿ ಸುದ್ದಿ ತಿದ್ದುವ ಹಿರಿಯರೊಬ್ಬರಿದ್ದರು, ಜಾಸ್ತಿ ಮಾತಿಲ್ಲ. ಬಸ್ ಅಪಘಾತದ ಸುದ್ದಿ ಬರೆದು ಕೊಟ್ಟರೆ 'ಭೀಕರ', 'ದಾರುಣ' ಎರಡಕ್ಕೂ ಗೀಟು ಎಳೆದು, 'ಅವರೆಲ್ಲ ಎಲ್ಲಿಗೆ ಹೊರಟಿದ್ರು? ಕೇಳ್ಕೊಂಡು ಬಾ' ಅಂತ ವಾಪಸ್ ಕಳಿಸೋರು. ಮತ್ತೆ ಸೈಕಲ್ ಹತ್ತಿ ಆಸ್ಪತ್ರೆಗೆ ಹೋಗಬೇಕು. ಒಂದು ಸಲ ಹಾಗೆ ಹೋಗಿ ಕೇಳಿದಾಗ ಗೊತ್ತಾಯಿತು, ಮಗುವಿನ ಜವಳಕ್ಕೆ ಅಂತ ಹೊರಟ ಮನೆಮಂದಿ ಅವರು. ಅಷ್ಟನ್ನು ಬರೆದೆ. ಆ ಹಿರಿಯರು ಓದಿ, ಏನೂ ಹೇಳದೆ, ಮೊಳೆ ಜೋಡಿಸುವವರ ಕೈಗೆ ಕೊಟ್ಟರು. ನನಗೆ ಈ ಕೆಲಸ ಬಂದದ್ದು ಆವತ್ತೇ ಅಂತ ಈಗಲೂ ಅಂದುಕೊಂಡಿದ್ದೇನೆ.

ಇನ್ನೊಂದು ವಾಕ್ಯ: 'ಇಡೀ ಊರು ಒಂದೇ ಮನಸ್ಸಿನಿಂದ ಪ್ರಾಣತ್ಯಾಗಕ್ಕೆ ಮುಂದಾಯಿತು.' ಹಾಗಿರಲಿಲ್ಲ. ಪಾದ್ರಿ ವಿಲಿಯಂ ಮೊಂಪೆಸನ್ ಊರಿಗೆ ಬಂದದ್ದೇ 1664ರಲ್ಲಿ, ಜನಕ್ಕೆ ಅವರ ಮೇಲೆ ಅಷ್ಟಾಗಿ ನಂಬಿಕೆ ಇರಲಿಲ್ಲ. ಜನ ನಂಬುತ್ತಿದ್ದದ್ದು ಹಿಂದಿನ ಪಾದ್ರಿ ಥಾಮಸ್ ಸ್ಟಾನ್ಲಿಯನ್ನು, ಹೊಸ ಪ್ರಾರ್ಥನಾ ಪುಸ್ತಕ ಒಪ್ಪದೆ ಹುದ್ದೆ ಕಳೆದುಕೊಂಡಿದ್ದವರನ್ನು. ಒಬ್ಬರಿಗೊಬ್ಬರು ಆಗದ ಈ ಇಬ್ಬರೂ ಒಟ್ಟಿಗೆ ನಿಂತು ಹೇಳಿದ ಮೇಲೇ 1666ರ ಜೂನ್‌ನಲ್ಲಿ ಜನ ಊರು ಬಿಟ್ಟು ಹೋಗಲ್ಲ ಅಂತ ಒಪ್ಪಿದ್ದು. ಅದಕ್ಕೂ ಮೊದಲೇ ಅನುಕೂಲ ಇದ್ದ ಕೆಲವರು ಜಾಗ ಖಾಲಿ ಮಾಡಿದ್ದರು. ಮೊಂಪೆಸನ್ ಕೂಡ ತಮ್ಮ ಮಕ್ಕಳನ್ನು ಹೊರಗೆ ಕಳಿಸಿಬಿಟ್ಟಿದ್ದರು. ಹೆಂಡತಿ ಕ್ಯಾಥರೀನ್ ಮಾತ್ರ ಜೊತೆಗೇ ಉಳಿದು, ಆಗಸ್ಟ್‌ನಲ್ಲಿ ತೀರಿಕೊಂಡರು. ಇಂಥವರನ್ನೆಲ್ಲ ದೇವರ ಪಟದ ಹಾಗೆ ಗೋಡೆಗೆ ಹಾಕಿಬಿಟ್ಟರೆ ಅವರ ಭಯ ನಮಗೆ ಕಾಣಲ್ಲ. ಭಯ ಇದ್ದೂ ನಿಂತರು ಅನ್ನೋದೇ ಅಲ್ವಾ ದೊಡ್ಡದು? ಹಾಗೆಯೇ '350 ಜನರಲ್ಲಿ 260 ಸಾವು' ಅನ್ನೋ ಲೆಕ್ಕ ಹಳೆಯದು. ಊರಿನ ಜನಸಂಖ್ಯೆ ಅದರ ಸುಮಾರು ಎರಡರಷ್ಟಿತ್ತು ಅಂತ ಈಚಿನ ಸಂಶೋಧಕರು ಹೇಳುತ್ತಾರೆ, ತಿದ್ದಿ.

'ಇತಿಹಾಸ' ಒಂದು ಕಡೆ, 'ನೋಡಬೇಕಾದ ಸ್ಥಳಗಳು' ಇನ್ನೊಂದು ಕಡೆ ಅಂತ ಭಾಗ ಮಾಡಿರೋದೇ ಇಷ್ಟಕ್ಕೆಲ್ಲ ಕಾರಣ. ಈ ಊರಲ್ಲಿ ಅವೆರಡೂ ಬೇರೆ ಅಲ್ಲ. 'ಗಡಿಕಲ್ಲು: ನಡೆದು ಹೋಗಬಹುದು, ಸುಂದರ ನೋಟ' ಅಂತ ಬರೆದು ಮುಗಿಸಿದ್ದೀರಿ. ಆ ಕಲ್ಲಿನ ಮೇಲೆ ಗುಳಿಗಳಿವೆ. ಅವುಗಳಲ್ಲಿ ವಿನೆಗರ್ ಸುರಿದು ಒಳಗೆ ನಾಣ್ಯ ಹಾಕಿಡುತ್ತಿದ್ದರು, ರೋಗ ದಾಟಬಾರದು ಅಂತ. ಪಕ್ಕದ ಸ್ಟೋನಿ ಮಿಡಲ್ಟನ್‌ನವರು ದುಡ್ಡು ತೆಗೆದುಕೊಂಡು ಊಟದ ಸಾಮಾನು ಇಟ್ಟು ಹೋಗುತ್ತಿದ್ದರು. ಆ ಗುಳಿಯಲ್ಲಿ ಬೆರಳಿಟ್ಟು ನೋಡಿದರೆ ಎರಡು ಪುಟದ ಇತಿಹಾಸ ಒಂದೇ ಪ್ಯಾರಾದಲ್ಲಿ ಬಂದುಬಿಡುತ್ತದೆ. ಹೀಗೇ ದುಡ್ಡು, ಸಾಮಾನು ಇಡುತ್ತಿದ್ದ ಮೊಂಪೆಸನ್ ಬಾವಿಯೂ ಅಷ್ಟೇ. ರೋಗ ಹರಡುತ್ತದೆ ಅಂತ ಚರ್ಚ್ ಮುಚ್ಚಿ, ಬಯಲಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡಿದ ಕಕ್ಲೆಟ್ ಡೆಲ್ಫ್ ಕಣಿವೆಯೂ ಅಷ್ಟೇ.

ಲೇಖನದ ಜೊತೆಗಿದ್ದ ಪತ್ರದಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೀರಿ, ಮನೆಗಳ ಮುಂದಿನ ಫಲಕದಲ್ಲಿದ್ದ ಸತ್ತವರ ಹೆಸರುಗಳನ್ನು ನಿಮ್ಮ ಮಗಳು ಜೋರಾಗಿ ಓದುತ್ತಾ ಹೋದಳು ಅಂತ. ಇಡೀ ಲೇಖನಕ್ಕಿಂತ ನನಗೆ ಹಿಡಿಸಿದ್ದು ಅದು. ಅದನ್ನು ಪತ್ರದಲ್ಲಿ ಬಿಟ್ಟು ಸ್ಕೋನ್ ಯಾಕೆ ಲೇಖನಕ್ಕೆ ತಂದಿರಿ?

ಚಹಾ ಅಂಗಡಿ ಪೂರ್ತಿ ತೆಗೆಯಿರಿ. ಗಡಿಕಲ್ಲಿನಿಂದ ಊರೊಳಗೆ ನಡೆಯುತ್ತಾ ಬನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ, ಹ್ಯಾನ್ಕಾಕ್‌ಗೆ ಕನಿಷ್ಠ ಒಂದು ಪುಟ ಕೊಡಿ. ಆಗಸ್ಟ್ ಕೊನೆಯ ಭಾನುವಾರ ಅಲ್ಲಿ ಪ್ಲೇಗ್ ಸಂಡೇ ಸ್ಮರಣೆ ಇರುತ್ತದೆ, ಹಾಗಾಗಿ ನಮ್ಮ ಆಗಸ್ಟ್ ಸಂಚಿಕೆಯಲ್ಲಿ ನಿಮಗೆ ನಾಲ್ಕು ಪುಟ ಇಟ್ಟಿರುತ್ತೇನೆ. ಜುಲೈ 10ರೊಳಗೆ ಕಳಿಸಿ. ಫೋಟೋ ಎರಡು ಸಾಕು, ಒಂದು ಗಡಿಕಲ್ಲಿನದ್ದೇ ಇರಲಿ, ಗುಳಿ ಕಾಣುವಷ್ಟು ಹತ್ತಿರದಿಂದ ತೆಗೆದದ್ದು.